ಒಂದೂಕಾಲು ಬೈರನೂ ತಿಮಿಂಗಿಲದ ಎಣ್ಣೆಯೂ

ಆ ಕಾಲಕ್ಕೆ ಸಾರಕ್ಕಿಯಲ್ಲಿ ಬೈರ ಅನ್ನೋ ಹೆಸರಿನವರು ಏಳು ಮಂದಿ ಇದ್ದರು. ಗುರುತು ತಪ್ಪಬಾರದು ಅಂತ ಊರು ಒಬ್ಬೊಬ್ಬರಿಗೂ ಒಂದೊಂದು ಬಾಲ ಅಂಟಿಸಿತ್ತು. ಕೆರೆ ಬೈರ, ಕುರಿ ಬೈರ, ಗೊಣ್ಣೆ ಬೈರ ಹೀಗೆ. ಅಂಜನಮ್ಮನ ಮಗ ಬೈರಣ್ಣನಿಗೆ ಸಿಕ್ಕಿದ್ದು 'ಒಂದೂಕಾಲು'. ಬಲಗಾಲು ಪೂರಾ ಒಂದು, ಎಡಗಾಲು ಬರೀ ಕಾಲು ಭಾಗ, ಒಟ್ಟು ಒಂದೂಕಾಲು. ಇಟ್ಟವರಿಗೆ ಅದು ಒಂದು ಸಂಜೆಯ ತಮಾಷೆ. ಇಟ್ಟುಕೊಂಡವನು ಮಾತ್ರ ಬದುಕಿರೋತನಕ ಆ ಹೆಸರಿಗೆ ಓಗೊಡಬೇಕಾಯಿತು.

ಉಳಿದ ಮುಕ್ಕಾಲು ಎಲ್ಲಿ ಹೋಯಿತು ಅಂತ ಕೇಳುವವರು ಜಯನಗರದ ಮೂರನೇ ಬ್ಲಾಕಿನ ಚರಂಡಿಗಳನ್ನು ನೋಡಬಹುದು. ೧೯೪೯ರಲ್ಲಿ ಅಲ್ಲಿ ಕಲ್ಲು ಚಪ್ಪಡಿ ಹಾಸುತ್ತಿದ್ದಾಗ ಹಗ್ಗ ಹರಿದು ಒಂದು ಚಪ್ಪಡಿ ಬೈರಣ್ಣನ ಎಡಗಾಲ ಮೇಲೆ ಬಂತು. ಆಗ ಅವನಿಗೆ ಇಪ್ಪತ್ತೆರಡು. ಕಂಟ್ರಾಕ್ಟರು ಛತ್ರಿ ಹಿಡಿದು ಓಡಿಬಂದು ಕೇಳಿದ ಮೊದಲ ಮಾತು, "ಚಪ್ಪಡಿ ಒಡೀಲಿಲ್ಲ ತಾನೇ?" ಒಡೆದಿರಲಿಲ್ಲ. ಇವತ್ತಿಗೂ ಅದು ಅಲ್ಲೇ ಇದೆ, ಅದರ ಮೇಲೆ ಜನ ಚಪ್ಪಲಿ ಬಿಟ್ಟು ಕೂತು ಕಡಲೆಕಾಯಿ ತಿನ್ನುತ್ತಾರೆ.

ಮಂಡಿಯಿಂದ ಕೆಳಗೆ ಸತ್ತ ಕಾಲು ಎಳೆದುಕೊಂಡು ಬೈರಣ್ಣ ಐದಾರು ವರ್ಷ ಅವರಿವರ ಮನೆ ಬಾಗಿಲು ಅಲೆದು, ಕೊನೆಗೆ ಅದೇ ಮೂರನೇ ಬ್ಲಾಕಿನಲ್ಲಿ ಗೌರೀಶಂಕರಯ್ಯನವರ ಮನೆಯ ಗೇಟು ಕಾಯುವ ಕೆಲಸಕ್ಕೆ ಸೇರಿದ. ಅಯ್ಯನವರು ರಿಟೈರಾದ ಇಂಜಿನಿಯರು. ಜೀವಮಾನವಿಡೀ ಕಾಲುವೆ, ತೂಬು ಕಟ್ಟಿಸಿದವರು. ಪ್ರಪಂಚದಲ್ಲಿ ತಮಗೆ ಗೊತ್ತಿಲ್ಲದ್ದು ಇಲ್ಲ ಎಂಬ ನಂಬಿಕೆಯನ್ನು ಸರ್ಕಾರ ಅವರಿಗೆ ಪೆನ್ಷನ್ನಿನ ಜೊತೆ ಕೊಟ್ಟು ಕಳಿಸಿತ್ತು.

೧೯೫೭ರಲ್ಲಿ ಅಯ್ಯನವರು, ದೇಶ ಬಿಟ್ಟು ಹೊರಟಿದ್ದ ಒಬ್ಬ ಕಾಫಿ ಎಸ್ಟೇಟಿನ ದೊರೆಯಿಂದ ಒಂದು ಅಮೆರಿಕದ ಕಾರು ಕೊಂಡು ತಂದರು. ಆಗಲೇ ಎಂಟು ವರ್ಷ ಹಳೇದು. ಕೆರೆಯ ಪಾಚಿಯ ಬಣ್ಣ, ಎಮ್ಮೆಯ ಗಾತ್ರ. ಅದರ ವಿಶೇಷ ಏನೆಂದರೆ ಕ್ಲಚ್ಚಿಲ್ಲ, ಗೇರು ತಾನೇ ಬೀಳುತ್ತದೆ. ಬಲಗಾಲು ಒಂದಿದ್ದರೆ ಸಾಕು.

ಈ ಸರಳ ಸಂಗತಿ ಎರಡು ಕಾಲಿರುವ ಡ್ರೈವರುಗಳ ತಲೆಗೆ ಹೋಗಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಮೂವರು ಬಂದರು. ಮೂವರ ಎಡಗಾಲೂ ಅಭ್ಯಾಸಬಲದಿಂದ ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ, ಅಗಲವಾದ ಬ್ರೇಕಿನ ಮೇಲೆ ಧಡ್ ಅಂತ ಬೀಳುತ್ತಿತ್ತು. ಕಾರು ಗಕ್ಕನೆ ನಿಲ್ಲುತ್ತಿತ್ತು. ಹಿಂದೆ ಕೂತ ಸೀತಾಲಕ್ಷ್ಮಮ್ಮನವರ ಹಣೆ ಮುಂದಿನ ಸೀಟಿಗೆ ಬಡಿಯುತ್ತಿತ್ತು. ಮೂರನೆಯವನ ಕಾಲಕ್ಕೆ ಹಣೆಯಲ್ಲಿ ನಿಂಬೆಹಣ್ಣಿನ ಗಾತ್ರದ ಬುಗುಟು ಎದ್ದಿತು.

"ಎಡಗಾಲೇ ಇಲ್ಲದವನು ಯಾರಾದರೂ ಸಿಕ್ಕಿದರೆ ನೋಡ್ರೀ" ಅಂದರು ಆಕೆ, ಸಿಟ್ಟಿನಿಂದ.

ಅಯ್ಯನವರು ಕಿಟಕಿಯಿಂದ ಗೇಟಿನ ಕಡೆ ನೋಡಿದರು. ಬೈರಣ್ಣನಿಗೆ ಕೆಲಸ ಸಿಕ್ಕಿದ್ದು ಹೀಗೆ. ಯೋಗ್ಯತೆ ಅಂತ ಯಾರೂ ಅಂದುಕೊಳ್ಳದ ಒಂದು ಕೊರತೆಯೇ ಅವನ ಯೋಗ್ಯತೆಯಾಯಿತು. ಎರಡು ತಿಂಗಳಲ್ಲಿ ಅವನು ಆ ಎಮ್ಮೆಯನ್ನು ನೀರು ಹರಿದ ಹಾಗೆ ಓಡಿಸತೊಡಗಿದ.

ಲೈಸೆನ್ಸಿನ ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು ಹೇಳಿದ, "ಹೂಂ, ಕ್ಲಚ್ ಒತ್ತು."

"ಇಲ್ಲ ಸ್ವಾಮಿ."

"ಇಲ್ಲ ಅಂದ್ರೆ? ಒತ್ತಲ್ವೇನೋ?"

"ಕ್ಲಚ್ಚೇ ಇಲ್ಲ ಸ್ವಾಮಿ."

ಇನ್‌ಸ್ಪೆಕ್ಟರು ಬಗ್ಗಿ ನೋಡಿದ. "ಎಡಗಾಲು ಯಾಕೋ ಹಂಗೆ ಮಡಚಿಟ್ಟಿದೀಯ?"

"ಅದೂ ಇಲ್ಲ ಸ್ವಾಮಿ."

ಆತ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ಸರಿಹೋಯ್ತಲ್ಲ" ಅಂದು, ಲೈಸೆನ್ಸಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದ: ಕ್ಲಚ್ಚಿಲ್ಲದ ಕಾರಿಗೆ ಮಾತ್ರ.

ಆ ಒಂದು ಸಾಲಿನ ಅರ್ಥ ಬೈರಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಲಾಲ್‌ಬಾಗಿನಿಂದ ಈಚೆಗೆ ಕೋಣನಕುಂಟೆಯವರೆಗೆ ಅಂಥ ಕಾರು ಇದ್ದದ್ದು ಒಂದೇ. ಅದು ಓಡುವಷ್ಟು ದಿನ ಅವನು ಡ್ರೈವರ್ ಬೈರಣ್ಣ. ಅದು ನಿಂತ ದಿನ ಮತ್ತೆ ಒಂದೂಕಾಲು ಬೈರ. ಸ್ಟಿಯರಿಂಗ್ ಹಿಡಿದು ಕೂತವನ ಕಾಲು ಯಾರಿಗೂ ಕಾಣುವುದಿಲ್ಲ. ಇದು ಎಂಥ ಸುಖ ಅನ್ನೋದು ಎರಡು ಕಾಲಿನವರಿಗೆ ಹೇಳಿ ತಿಳಿಸುವುದಕ್ಕಾಗುವುದಿಲ್ಲ.

ಆರು ವರ್ಷ ಹೀಗೇ ಕಳೆಯಿತು. ೧೯೬೩ರ ಬೇಸಿಗೆಯಲ್ಲಿ ಲಾಲ್‌ಬಾಗಿನ ಪಕ್ಕದ ಏರಿನಲ್ಲಿ ಕಾರು ಜಾರತೊಡಗಿತು. ಒತ್ತಿದರೆ ಎಂಜಿನ್ನು ಕಿರುಚುತ್ತದೆ, ಚಕ್ರ ಮಾತ್ರ ಯೋಚನೆ ಮಾಡುತ್ತಾ ನಿಲ್ಲುತ್ತದೆ. ಸೌದೆ ಹೇರಿದ ಒಂದು ಎತ್ತಿನ ಗಾಡಿ ಪಕ್ಕದಲ್ಲೇ ದಾಟಿಕೊಂಡು ಹೋಯಿತು. ಗಾಡಿಯವನು ಮೂಕಿಯ ಮೇಲಿಂದ ತಿರುಗಿ, "ನೊಗ ಕೊಡ್ಲಾ ಅಣ್ಣಾ?" ಅಂದ.

ಬೈರಣ್ಣ ನೇರ ಮಾವಳ್ಳಿಯ ಸೋಮಲಿಂಗಪ್ಪನ ಶೆಡ್ಡಿಗೆ ಹೋದ. ಸೋಮಲಿಂಗಪ್ಪ ಲಾರಿ ರಿಪೇರಿಯವನು, ಈ ಕಾರಿನ ಹೊಟ್ಟೆ ಬಗ್ಗೆ ಅವನಿಗೂ ಅಷ್ಟಕ್ಕಷ್ಟೇ. ಮುಂದಿನ ಸೀಟಿನ ಕಾಲಡಿಯ ಚಾಪೆ ಎತ್ತಿ, ಮುಚ್ಚಳ ತೆಗೆದು, ಗೇರು ಪೆಟ್ಟಿಗೆಯ ಅಳತೆ ಕಡ್ಡಿ ಹೊರಗೆಳೆದ. ಕರೀ ಕಷಾಯ, ಸುಟ್ಟ ವಾಸನೆ.

"ಎಣ್ಣೆ ಸತ್ತಿದೆ ಕಣೋ ಬೈರಣ್ಣ. ಪೂರಾ ತೆಗೆದು ಹೊಸದು ಹಾಕ್ಬೇಕು. ಈ ಪೆಟ್ಟಿಗೇಲಿ ಎಣ್ಣೆ ಬರೀ ನುಣುಪಿಗಲ್ಲ, ಕೆಲಸ ಮಾಡೋದೇ ಎಣ್ಣೆ. ಎಂಜಿನ್ನಿನ ಶಕ್ತೀನ ಚಕ್ರಕ್ಕೆ ದಾಟಿಸೋದು ಅದೇ. ತಪ್ಪು ಎಣ್ಣೆ ಹಾಕಿದ್ಯೋ, ಹೋಯ್ತು. ಈ ದೇಶದಲ್ಲಿ ಇದನ್ನ ಬಿಚ್ಚಿ ಜೋಡಿಸೋ ಗಂಡು ಹುಟ್ಟಿಲ್ಲ."

"ಯಾವ ಎಣ್ಣೆ ಮತ್ತೆ?"

ಕಡ್ಡಿಯ ತುದಿಯಲ್ಲಿ ಇಂಗ್ಲಿಷಿನಲ್ಲಿ ಕೊರೆದಿದ್ದನ್ನು ಸೋಮಲಿಂಗಪ್ಪ ಒರೆಸಿ ಒರೆಸಿ ಓದಿದ. "ಟೈಪ್ ಎ."

ಟೈಪ್ ಎ ಅಂದರೇನು? ಸಿಟಿ ಮಾರ್ಕೆಟ್ಟಿನ ಹತ್ತಿರದ ಎಣ್ಣೆ ಅಂಗಡಿಯ ಶಾಂತವೀರಪ್ಪನಿಗೆ ಇದರಲ್ಲಿ ಯಾವ ಗೊಂದಲವೂ ಕಾಣಲಿಲ್ಲ. "ಎ ಅಂದ್ರೆ ಎ ಒನ್ನು. ನಮ್ಮಲ್ಲಿ ಬಿ ಟೈಪ್ ಇಡೋದೇ ಇಲ್ಲ. ಕುಸುಬೆ ಬೇಕೋ, ಎಳ್ಳೋ?" ಪೆಟ್ರೋಲ್ ಬಂಕಿನವನು ನಲವತ್ತನೇ ನಂಬರಿನ ಎಂಜಿನ್ ಆಯಿಲ್ಲೇ ಸಾಕು ಅಂದ. ಇನ್ನೊಬ್ಬ ಬ್ರೇಕಿಗೆ ಹಾಕುವ ಎಣ್ಣೆ ತೋರಿಸಿದ. ಬೈರಣ್ಣ ಪ್ರತಿಯೊಂದನ್ನೂ ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ ತಲೆ ಅಲ್ಲಾಡಿಸಿದ. ದೊರೆ ಕಾರಿನ ಜೊತೆ ಎರಡು ಡಬ್ಬಿ ಎಣ್ಣೆ ಬಿಟ್ಟುಹೋಗಿದ್ದ. ಐದು ವರ್ಷ ಅದನ್ನೇ ತೊಟ್ಟು ತೊಟ್ಟಾಗಿ ಹಾಕಿ ಮುಗಿಸಿದ್ದ. ಅದು ಕೆಂಪಗಿತ್ತು, ನೀರಿಗಿಂತ ಸ್ವಲ್ಪ ಮಂದ, ಬೆರಳಿಗೆ ಅಂಟಿಯೂ ಅಂಟದ ಹಾಗೆ ಇತ್ತು. ಓದು ಬಾರದಿದ್ದರೂ ಆ ಬೆರಳುಗಳಿಗೆ ನೆನಪಿತ್ತು.

ಅವನು ಹೇಳಿದ್ದನ್ನು ಕೇಳಿ ಅಯ್ಯನವರು ಬೊಂಬಾಯಿಯ ಒಂದು ಎಣ್ಣೆ ಕಂಪನಿಗೆ ಇಂಗ್ಲಿಷಿನಲ್ಲಿ ಎರಡು ಪುಟದ ಕಾಗದ ಬರೆದರು. ಡಬ್ಬಿ ಕಳಿಸಿ ಅಂದಿದ್ದರೆ ಸಾಕಿತ್ತು. ಇಂಜಿನಿಯರಲ್ಲವೇ, ಆ ಎಣ್ಣೆಯಲ್ಲಿ ಏನೇನು ಬೆರೆಸಿದ್ದೀರಿ ಅಂತಲೂ ಕೇಳಿದರು.

ಮೂರು ಡಬ್ಬಿಗಳು ಮೊದಲು ಬಂದವು, ರೈಲಿನಲ್ಲಿ. ಬೈರಣ್ಣ ಸ್ಟೇಷನ್ನಿಂದ ಜಟಕಾದಲ್ಲಿ ತಂದು, ಒಂದರ ಮುಚ್ಚಳ ಸಡಿಲಿಸಿ ಬೆರಳದ್ದಿ ಉಜ್ಜಿದ. ಅದೇ. ಕಣ್ಣಲ್ಲಿ ನೀರು ಬಂತು. ಯಾರೂ ನೋಡಲಿಲ್ಲ ಅಂತ ಖಾತ್ರಿ ಮಾಡಿಕೊಂಡು ತೋಳಿನಿಂದ ಒರೆಸಿಕೊಂಡ.

ಕಾಗದ ಮಾರನೆಯ ದಿನ ಬಂತು. ಅಯ್ಯನವರು ವರಾಂಡದಲ್ಲಿ ಕೂತು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು. ಸೀತಾಲಕ್ಷ್ಮಮ್ಮನವರು ಹೂ ಕಟ್ಟುತ್ತಾ ಕೇಳುತ್ತಿದ್ದರು. ಪಕ್ಕದ ಮನೆಯ ಗುಂಡಣ್ಣ ಮೇಷ್ಟ್ರು ಪೇಪರ್ ಕೇಳಲು ಬಂದವರು ಅಲ್ಲೇ ನಿಂತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದವರು ಅವರು.

"ಶುದ್ಧ ಮಾಡಿದ ಖನಿಜ ಎಣ್ಣೆ... ಕೆಂಪು ಬಣ್ಣ... ಮತ್ತೆ, ಜಾರುವಿಕೆ ಹದವಾಗಿರಲೀಂತ ಸ್ವಲ್ಪ ವೇಲ್ ಎಣ್ಣೆ..."

"ವೇಲ್ ಅಂದ್ರೇನ್ರೀ?"

"ತಿಮಿಂಗಿಲ ಕಣೇ" ಅಂದರು ಅಯ್ಯನವರು, ಕಾಗದದಿಂದ ತಲೆಯೆತ್ತದೆ. ಆಮೇಲೆ ಎತ್ತಿದರು.

ಹೂವಿನ ಬುಟ್ಟಿ ಆಕೆಯ ಮಡಿಲಿನಿಂದ ಉರುಳಿತ್ತು. "ಆರು ವರ್ಷ! ಆರು ವರ್ಷದಿಂದ ನಾನು ಬನಶಂಕರಮ್ಮನ ಗುಡಿಗೆ ಮೀನಿನ ಮೇಲೆ ಕೂತು ಹೋಗಿದೀನಾ?"

"ಅಮ್ಮಾ, ಗಾಬರಿಯಾಗಬೇಡಿ" ಅಂದರು ಗುಂಡಣ್ಣ ಮೇಷ್ಟ್ರು, ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದ. "ತಿಮಿಂಗಿಲ ಮೀನೇ ಅಲ್ಲ. ಅದು ಮರಿ ಹಾಕತ್ತೆ. ಮರಿಗೆ ಹಾಲು ಕುಡಿಸತ್ತೆ."

"ಹಸೂ ಥರಾನಾ?"

"ಆ ದೃಷ್ಟೀಲಿ ನೋಡಿದ್ರೆ... ಹೌದು."

ಮೇಷ್ಟ್ರು ಮೀನು ಅಂದು ಸುಮ್ಮನಾಗಿದ್ದರೆ ಸಣ್ಣದೊಂದು ಪ್ರಾಯಶ್ಚಿತ್ತದಲ್ಲಿ ಮುಗಿಯುತ್ತಿತ್ತು. ಈಗ ಅದು ಗೋವಿನ ಹತ್ತಿರಕ್ಕೆ ಬಂತು. ಅಯ್ಯನವರು ಕೈಕಾಲು ಬಡಿದರು. "ಹಾಲು ಕೊಡೋ ಪ್ರಾಣಿ ಅಂದ್ಮೇಲೆ ಅದರ ಜಿಡ್ಡು ತುಪ್ಪ ಇದ್ದ ಹಾಗೆ ಅಲ್ವೇನೇ?"

"ತುಪ್ಪಕ್ಕೆ ಹಸು ಸಾಯಬೇಕಾಗಿಲ್ಲಾರೀ" ಅಂದರು ಆಕೆ. ಅಲ್ಲಿಗೆ ಚರ್ಚೆ ಮುಗಿಯಿತು. ಆ ವರಾಂಡದಲ್ಲಿ ಅವತ್ತು ತರ್ಕಬದ್ಧವಾಗಿ ಆಡಿದ ಮಾತು ಅದೊಂದೇ, ಅದನ್ನೂ ನಾವು ಒಪ್ಪಬೇಕು.

ಆ ಕ್ಷಣದಿಂದ ಕಾರು ಕುಲಗೆಟ್ಟಿತು. ಪೋರ್ಟಿಕೋದ ನೆರಳಿನಲ್ಲಿ ನಿಲ್ಲುತ್ತಿದ್ದದ್ದನ್ನು ಕಾಂಪೌಂಡಿನ ಮೂಲೆಯ ಸೀಬೆಮರದ ಕೆಳಕ್ಕೆ ತಳ್ಳಿಸಿದರು. ಪೋರ್ಟಿಕೋ ನೆಲಕ್ಕೆ ಗೋಮೂತ್ರ ಚಿಮುಕಿಸಿದರು. ಸೀಬೆಮರದ ಕೊಂಬೆಗೆ ಮೊದಲಿನಿಂದಲೂ ಒಂದು ಅಲ್ಯುಮಿನಿಯಂ ಲೋಟ ಮಗುಚಿ ಸಿಕ್ಕಿಸಿತ್ತು, ಬೈರಣ್ಣನ ಕಾಫಿ ಲೋಟ. ಒಳಗೆ ಬೆಳ್ಳಿಯದು, ಕಂಚಿನದು, ಸ್ಟೀಲಿನದು ಇದ್ದವು. ಅವನ ಲೋಟ ಮಾತ್ರ ಗಾಳಿಗೆ, ಕಾಗೆಗೆ. ಅಮೆರಿಕದ ಕಾರೂ ಸಾರಕ್ಕಿಯ ಬೈರಣ್ಣನೂ ಅವತ್ತಿನಿಂದ ಒಂದೇ ಜಾತಿ.

"ಕಾರು ಮುಟ್ಟಿದ ಕೈಯಲ್ಲಿ ಗೇಟು ಮುಟ್ಟಬೇಡ ಕಣೋ" ಅಂದರು ಸೀತಾಲಕ್ಷ್ಮಮ್ಮನವರು.

"ಹಂಗಾದ್ರೆ ಗೇಟು ಯಾರು ತೆಗೀತಾರೆ ಅಮ್ಮಾವ್ರೇ?"

ಆಕೆ ಯೋಚಿಸಿದರು. "ಕಾಲಲ್ಲಿ ತಳ್ಳು." ಒಂದು ಕಾಲಿನವನಿಗೆ ಹೇಳಿದ ಮಾತು ಇದು ಅಂತ ಆಕೆಗೆ ಹೊಳೆಯಲೇ ಇಲ್ಲ.

ಬೈರಣ್ಣನಿಗೆ ನಗು ಬಂತು, ತಡೆದುಕೊಂಡ. ಹಿಂದಿನ ದಿನವಷ್ಟೇ ಅವನು ಸಾರಕ್ಕಿ ಕೆರೆಯ ಮೀನು ಸಾರಿನಲ್ಲಿ ಮುದ್ದೆ ಉಂಡಿದ್ದ. ಆ ಹೊಟ್ಟೆ ಆರು ವರ್ಷದಿಂದ ಆಕೆಯ ಮುಂದಿನ ಸೀಟಿನಲ್ಲೇ ಕೂತು ಗುಡಿಗೆ ಹೋಗಿಬಂದಿತ್ತು. ಯಾರೂ ಕೇಳಿರಲಿಲ್ಲ. ಗೇರು ಪೆಟ್ಟಿಗೆಯ ಹೊಟ್ಟೆಯಲ್ಲಿ ಏನಿದೆ ಅಂತ ಕೇಳಿ ಬೊಂಬಾಯಿಗೆ ಕಾಗದ ಬರೆಯುವ ಮನೆಗಳಲ್ಲಿ, ಆಳಿನ ಹೊಟ್ಟೆಯಲ್ಲಿ ಏನಿದೆ, ಏನಾದರೂ ಇದೆಯೋ ಇಲ್ಲವೋ ಅಂತ ಕೇಳುವ ರೂಢಿ ಇಲ್ಲ.

ನಗು ನಿಂತದ್ದು ಅಯ್ಯನವರು ತೀರ್ಮಾನ ಹೇಳಿದಾಗ. "ಆ ಡಬ್ಬಿಗಳನ್ನ ದೂರ ತಗೊಂಡ್ಹೋಗಿ ಚೆಲ್ಲಿ ಬಾ. ಹಳೇ ಎಣ್ಣೆ ತೆಗೆಸಿ ಹರಳೆಣ್ಣೆ ಹಾಕ್ಸು. ಹಿಂದೆ ಯುದ್ಧದ ವಿಮಾನಕ್ಕೇ ಹರಳೆಣ್ಣೆ ಹಾಕ್ತಿದ್ರು ಕಣೋ! ಶುದ್ಧ, ಸಸ್ಯಾಹಾರ. ನಿಮ್ಮಮ್ಮ ಕಾಯಿಸ್ತಾಳಲ್ಲ, ಅವಳ ಹತ್ರಾನೇ ತಾ."

"ಬುದ್ಧೀ, ಅದು ಅಂಟ್ಕೊಳ್ತದೆ. ಪೆಟ್ಟಿಗೆ ಕೆಟ್ಟೋಗ್ತದೆ."

"ನೀನು ಇಂಜಿನಿಯರೋ ನಾನೋ? ಇಲ್ಲಾಂದ್ರೆ ಗುಜರಿಗೆ ಕೊಟ್ಟುಬಿಡ್ತೀನಿ ಅಷ್ಟೆ."

ಎರಡರಲ್ಲಿ ಯಾವುದಾದರೂ ಬೈರಣ್ಣನ ಕಾಲು ಇನ್ನೊಂದು ಸಲ ಮುರಿದಂತೆಯೇ.

ಸಾರಕ್ಕಿಯಲ್ಲಿ ಅವನ ತಾಯಿ ಅಂಜನಮ್ಮ ಹರಳು ಹುರಿದು, ಕುಟ್ಟಿ, ಕಾಯಿಸಿ ಎಣ್ಣೆ ತೆಗೆಯುವುದರಲ್ಲಿ ಹೆಸರಾದವಳು. ಸಂಗತಿ ಕೇಳಿ ಅವಳು ಸೌಟು ಕೆಳಗಿಟ್ಟಳು. "ಲೇ ಬೈರಾ, ನನ್ನೆಣ್ಣೆ ಮಕ್ಕಳ ನೆತ್ತಿಗೆ, ಬಾಣಂತಿ ಮೈಗೆ. ಕಬ್ಬಿಣದ ಹೊಟ್ಟೆಗೆ ಯಾವ ತಾಯೀನೂ ಕಾಯಿಸಲ್ಲ. ಕುಡಿದ್ರೆ ಅದಕ್ಕೇನು ಭೇದಿ ಆಗ್ತದಾ?"

"ಭೇದಿ ಆಗಲ್ಲ ಕಣಮ್ಮ. ನಿಂತೇ ಹೋಗ್ತದೆ."

ಆದರೂ ಖಾತ್ರಿಯಾಗಲಿ ಅಂತ ಅವನೇ ಒಂದು ಚಟಾಕು ಹರಳೆಣ್ಣೆಯನ್ನು ಬಾಣಲೆಯಲ್ಲಿ ಹಾಕಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಲೆಯ ಮೇಲಿಟ್ಟು ಕಾಯಿಸಿದ. ಆರಿದ ಮೇಲೆ ಬೆರಳಿಗೆ ತೆಗೆದರೆ ಹಲಸಿನ ಅಂಟಿನ ಹಾಗೆ ದಾರ ದಾರ ಎದ್ದಿತು. ಆ ಬಾಣಲೆಯನ್ನೇ ಹಿಡಿದುಕೊಂಡು ಜಯನಗರಕ್ಕೆ ಹೋಗಿ ಅಯ್ಯನವರಿಗೆ ತೋರಿಸಿದ. ಅವರು ದೂರದಿಂದಲೇ ನೋಡಿ, "ಬಾಣಲೆ ಸರಿಯಾಗಿ ತೊಳೆದಿಲ್ಲ" ಅಂದರು.

ಹತ್ತು ವರ್ಷಕ್ಕೊಮ್ಮೆ ಬರುವಂಥ ಸಿಟ್ಟು ಬೈರಣ್ಣನಿಗೆ ಆಗ ಬಂತು. ಡಬ್ಬಿಗಳನ್ನು ಕಾರಿನಲ್ಲಿ ಹಾಕಿಕೊಂಡು, ಜಾರುವ ಕಾರನ್ನು ಇಳಿಜಾರು ಇರುವ ರಸ್ತೆಗಳಲ್ಲೇ ಸುತ್ತಿಸಿ, ಸೋಮಲಿಂಗಪ್ಪನ ಶೆಡ್ಡು ಸೇರಿದ.

"ಚೆಲ್ಲು ಅಂದ್ರು" ಅಂದ.

"ಎಲ್ಲಿ ಚೆಲ್ಲು ಅಂದ್ರು?" ಅಂದ ಸೋಮಲಿಂಗಪ್ಪ.

"ದೂರ ಅಂದ್ರು."

ಇಬ್ಬರೂ ಹಳೇ ಎಣ್ಣೆ ಇಳಿಸಿ, ಆ ಮೂರೂ ಡಬ್ಬಿಯನ್ನು ಗೇರು ಪೆಟ್ಟಿಗೆಯೊಳಕ್ಕೆ ಚೆಲ್ಲಿದರು. ಸಂಜೆಯ ಹೊತ್ತಿಗೆ ಕಾರು ಲಾಲ್‌ಬಾಗಿನ ಏರನ್ನು ಉಸಿರೂ ಬಿಡದೆ ಹತ್ತಿತು.

ಮಾರನೆಯ ಬೆಳಿಗ್ಗೆ ಅಯ್ಯನವರು ತಪಾಸಣೆಗೆ ಬಂದರು. ಚಾಪೆ ಎತ್ತಿಸಿ, ಕಡ್ಡಿ ಎಳೆಸಿ, ಕನ್ನಡಕ ಏರಿಸಿಕೊಂಡು ನೋಡಿದರು. "ಕೆಂಪಗಿದೆಯಲ್ಲೋ?"

ಬೈರಣ್ಣನ ನಾಲಿಗೆ ಅವನನ್ನು ಕೇಳದೆ ಹೊರಳಿತು. "ಅಮ್ಮ ಅರಿಶಿನ ಸುಣ್ಣ ಬೆರೆಸವ್ಳೆ ಬುದ್ಧೀ. ದೃಷ್ಟಿಗೆ."

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ಎತ್ತುವ ಯಾವ ಮನೆಗೆ ಗೊತ್ತಿಲ್ಲ? ಅಯ್ಯನವರ ಮುಖ ಅರಳಿತು. ಒಳಗೆ ಸುದ್ದಿ ಹೋಯಿತು. ಕಾರಿನ ಹೊಟ್ಟೆಯಲ್ಲೇ ಆರತಿ! ಸೀತಾಲಕ್ಷ್ಮಮ್ಮನವರು ಸ್ವತಃ ಹೊರಗೆ ಬಂದು ಕಾರಿನ ಮೂತಿಗೆ ಕುಂಕುಮ ಇಟ್ಟರು. ಕಾರು ಪೋರ್ಟಿಕೋಗೆ ವಾಪಸ್ಸು ಬಂತು. ಅದರ ಜಾತಿ ಅದಕ್ಕೆ ಕೆಲವೇ ದಿನದಲ್ಲಿ ಮರಳಿತು. ಸೀಬೆಮರದ ಲೋಟ ಅಲ್ಲೇ ಇತ್ತು.

ಆದರೆ ತಾಯಿಯ ಹೆಸರಿನಲ್ಲಿ ಆಡಿದ ಸುಳ್ಳು ಬೈರಣ್ಣನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅಂಜನಮ್ಮನ ಮುಖ ನೋಡುವುದಕ್ಕೇ ಆಗುತ್ತಿರಲಿಲ್ಲ. ಸುಮ್ಮನೆ ಬಿಟ್ಟಿದ್ದರೆ ಮುಳ್ಳು ಹೇಗೋ ಇಳಿಯುತ್ತಿತ್ತೇನೋ. ಸೀತಾಲಕ್ಷ್ಮಮ್ಮನವರು ಬಿಡಲಿಲ್ಲ. ಪೂರ್ತಿ ಶುದ್ಧಿಯಾಗಬೇಕಾದರೆ ದೇವಿಯ ಎದುರು ಒಂದು ಮಾತು ಆಗಿಬಿಡಲಿ ಅಂತ ಆಕೆಗೆ ತೋಚಿತು. ಮುಂದಿನ ಶುಕ್ರವಾರ ಅದೇ ಕಾರಿನಲ್ಲಿ ಗಂಡನನ್ನೂ, ಸಾಕ್ಷಿಗೆ ಗುಂಡಣ್ಣ ಮೇಷ್ಟ್ರನ್ನೂ ಕೂರಿಸಿಕೊಂಡು ಬನಶಂಕರಿ ಗುಡಿಗೆ ಹೊರಟರು.

ಪೂಜೆ ಮುಗಿಯುವಾಗ ಮಧ್ಯಾಹ್ನ ಹನ್ನೆರಡು. ಗುಡಿಯ ಬಾಗಿಲಲ್ಲಿ ಆಕೆ ಬೈರಣ್ಣನನ್ನು ಕರೆದರು. "ದೇವರ ಕಡೆ ತಿರುಗಿ ಹೇಳಪ್ಪ. ಈ ಕಾರಿನ ಹೊಟ್ಟೇಲಿ ಮೀನಿನ ಎಣ್ಣೆ ಇಲ್ಲ, ನಮ್ಮಮ್ಮನಾಣೆ ಅಂತ."

ಗುಂಡಣ್ಣ ಮೇಷ್ಟ್ರಿಗೆ ಅರಿಶಿನ ಸುಣ್ಣದ ಕಥೆಯ ಮೇಲೆ ಒಂದು ದಿನವೂ ನಂಬಿಕೆ ಇರಲಿಲ್ಲ. ಅವರು ಬೈರಣ್ಣನ ಪಕ್ಕಕ್ಕೆ ಸರಿದು, ತುಟಿ ಅಲ್ಲಾಡಿಸದೆ ಪಿಸುಗುಟ್ಟಿದರು. "ಧೈರ್ಯವಾಗಿ ಹೇಳೋ. ಮೀನಿಲ್ಲ ಅಂತ ತಾನೇ? ತಿಮಿಂಗಿಲ ಮೀನಲ್ಲ. ಆಣೆ ಸುಳ್ಳಾಗಲ್ಲ."

ಓದಿದವರ ಬುದ್ಧಿ ಇಂಥ ಹೊತ್ತಿನಲ್ಲಿ ಎಷ್ಟು ಚುರುಕು! ಸುಳ್ಳಿಗೆ ಹೊಸ ಬಟ್ಟೆ ಹೊಲಿದು, ಅಳತೆಗೆ ಸರಿಯಾಗಿ ತೊಡಿಸಿ, ಇದು ಸತ್ಯ ಅಂತ ಕೈಗೆ ಕೊಡುತ್ತಾರೆ. ಬೈರಣ್ಣ ಮೇಷ್ಟ್ರ ಮುಖ ನೋಡಿದ. ದೇವರ ಮುಖ ನೋಡಿದ. ಇಂಥ ಸಣ್ಣ ಕಿಂಡಿಯಲ್ಲಿ ನುಸುಳುವುದಕ್ಕೆ ತನ್ನ ತಾಯಿಯನ್ನು ಮೆಟ್ಟಿಲು ಮಾಡಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ.

"ಅದು ಹರಳೆಣ್ಣೆ ಅಲ್ಲ ಅಮ್ಮಾವ್ರೇ" ಅಂದ. "ಬೊಂಬಾಯಿಂದ ಬಂದ ಕೆಂಪೆಣ್ಣೇನೇ. ನಾನೇ ಹಾಕ್ಸಿದೆ. ಸುಳ್ಳು ಹೇಳ್ದೆ, ತಪ್ಪು ನಂದು. ಅದು ಬಿಟ್ಟು ಬೇರೆ ಏನು ಹಾಕಿದ್ರೂ ಆ ಕಾರು ನಿಂತೋಗ್ತಿತ್ತು. ಅದು ನಿಂತ್ರೆ ನಾನೂ ನಿಂತಂಗೆ. ನನ್ನ ಎಡಗಾಲು ಅಂತ ಇರೋದು ಆ ಎಣ್ಣೇನೇ."

ಅಂದು, ಕೀಲಿಕೈಯನ್ನು ಅಯ್ಯನವರ ಕೈಗೆ ಕೊಟ್ಟ.

ಅಯ್ಯನವರು ಕೀಲಿಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಅದರ ಉಪಯೋಗ ಏನೆಂದು ತಿಳಿಯದವರಂತೆ. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಮೇಷ್ಟ್ರು ಆಕಾಶ ನೋಡಿದರು.

ಸೀತಾಲಕ್ಷ್ಮಮ್ಮನವರು ಕನಕಪುರ ರಸ್ತೆ ನೋಡಿದರು. ಬಿಸಿಲಿಗೆ ಟಾರು ಮೆತ್ತಗಾಗಿ ಹೊಳೆಯುತ್ತಿತ್ತು. ಬಸ್ಸು ಈಗ ತಾನೇ ಹೋಗಿತ್ತು. ಕಣ್ಣಿಗೆ ಕಾಣುವಷ್ಟು ದೂರ ಒಂದು ಜಟಕಾ ಇಲ್ಲ, ಒಂದು ಮರದ ನೆರಳಿಲ್ಲ. ಮಡಿಯಲ್ಲಿ ಬರಿಗಾಲಲ್ಲಿ ಬಂದಿದ್ದರು. ಮನೆ ಎರಡೂವರೆ ಮೈಲಿ. ಆಕೆ ಒಂದು ಹೆಜ್ಜೆ ರಸ್ತೆಗಿಟ್ಟು, ಸುಟ್ಟುಕೊಂಡವರಂತೆ ಹಿಂದಕ್ಕೆ ತೆಗೆದರು.

ಆಮೇಲೆ ಹೆಗಲ ಮೇಲಿದ್ದ ಮಡಿಯ ಧಾಬಳಿಯನ್ನು ಬಿಡಿಸಿ, ಕಾರಿನ ಹಿಂದಿನ ಸೀಟಿನ ಮೇಲೆ ಎರಡು ಮಡಿಕೆ ಮಾಡಿ ಹಾಸಿದರು. ಒಳಗೆ ಹತ್ತಿ, ನೆಲಕ್ಕೆ ಪಾದ ತಾಗದಂತೆ ಎರಡು ಕಾಲನ್ನೂ ಮೇಲಕ್ಕೆ ಎಳೆದು ಚಕ್ಕಂಬಕ್ಕಳ ಹಾಕಿ ಕೂತರು.

"ಎಣ್ಣೆ ಕೆಳಗಡೆ ತಾನೇ ಇರೋದು?" ಅಂದರು.

"ಹೌದಮ್ಮಾ. ನೆಲದಡೀಲಿ."

"ಸರಿ. ಮೊದಲು ಮನೆಗೆ ಬಿಡು. ಆಮೇಲೆ ನೋಡೋಣ."

ಅಯ್ಯನವರು ಕೀಲಿಕೈ ಮರಳಿ ಕೊಟ್ಟರು. ಆ 'ಆಮೇಲೆ' ಮುಂದೆ ಆರು ವರ್ಷ ಬರಲೇ ಇಲ್ಲ. ಅಯ್ಯನವರು ವರ್ಷಕ್ಕೊಮ್ಮೆ ಬೊಂಬಾಯಿಗೆ ಕಾಗದ ಹಾಕಿ 'ಆ ಪದಾರ್ಥ' ತರಿಸುತ್ತಿದ್ದರು. ಅದರಲ್ಲಿ ಏನಿದೆ ಅಂತ ಇನ್ನೊಮ್ಮೆ ಕೇಳುವ ತಪ್ಪು ಮಾಡಲಿಲ್ಲ. ಆ ದಿನಗಳಲ್ಲಿ ಜಯನಗರದ ರಸ್ತೆಗಳಲ್ಲಿ ಹಸಿರು ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಹಸೆಮಣೆಯ ಮೇಲೆ ಕೂತಂತೆ ಕಾಲು ಮಡಚಿ ಕೂತು ಹೋಗುವುದನ್ನು ಎಷ್ಟೋ ಜನ ನೋಡಿದ್ದಾರೆ. ಪ್ರತಿ ಸಲ ಹೊರಡುವ ಮೊದಲು ಬೈರಣ್ಣ ಕನ್ನಡಿಯಲ್ಲಿ ನೋಡದೆ, ಮುಂದಕ್ಕೇ ಮುಖ ಮಾಡಿಕೊಂಡು ಕೇಳುತ್ತಿದ್ದ:

"ಕಾಲು ಎತ್ಕೊಂಡ್ರಾ ಅಮ್ಮಾವ್ರೇ?"

"ಎತ್ಕೊಂಡೆ ಕಣೋ. ಹೊರಡು."